ಶೀಟಕ್ಕನ ಕೈಗೆ ಬಂದದ್ದು

ಆಕೆಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಚೆನ್ನಾಗಿಯೇ ಬರುತ್ತಿತ್ತು, ಆದರೆ ಬೆಡ್‌ಶೀಟಿನಲ್ಲಿ ಬರುತ್ತಿತ್ತು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಕೆ ಇಸ್ತ್ರಿ ಮಾಡುವವಳು. ಅಲ್ಲಿನ ಕೂಲಿ ದಿನಕ್ಕಿಷ್ಟು ಎಂದಲ್ಲ, ತಿಂಗಳಿಗಿಷ್ಟು ಎಂದೂ ಅಲ್ಲ, ಶೀಟಿಗಿಷ್ಟು ಎಂದು. ನಾಲ್ಕು ದಿಂಬಿನ ಕವರ್ ಸೇರಿದರೆ ಒಂದು ಶೀಟು, ಎರಡು ಮೇಜುಬಟ್ಟೆಗೆ ಒಂದು ಶೀಟು. ವರ್ಷಗಟ್ಟಲೆ ಹೀಗೇ ಎಣಿಸಿ ಎಣಿಸಿ ಅವಳ ತಲೆಯೊಳಗೆ ಬೇರೆ ನಾಣ್ಯವೇ ಉಳಿದಿರಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ನಿಂತು, "ಅಯ್ಯೋ, ತೊಂಬತ್ತು ಶೀಟಿನ ಚಪ್ಪಲಿ ನನ್ನ ಕಾಲಿಗ್ಯಾಕೆ? ನಲವತ್ತು ಶೀಟಿಂದು ತೋರಿಸಿ" ಎಂದುಬಿಡುತ್ತಿದ್ದಳು. ಅಂಗಡಿಯವನು ಕಣ್ಣು ಕಣ್ಣು ಬಿಡುತ್ತಿದ್ದ. ಲಾಂಡ್ರಿಯವರು ಅವಳನ್ನು ಶೀಟಕ್ಕ ಎಂದು ಕರೆದರು, ಆ ಹೆಸರು ಹೋಟೆಲಿನ ಮೇಲಿನ ಮಹಡಿಗಳಿಗೂ ಹತ್ತಿಹೋಯಿತು.

ನೆಲಮಾಳಿಗೆಗೆ ಕಿಟಕಿ ಎಂದರೆ ಸೂರಿನಂಚಿಗೆ ಇದ್ದ ಗೇಣಗಲದ ಗಾಜು. ಅದರಾಚೆ ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಒಳಗೆ ಯಾವಾಗಲೂ ಹಬೆ. ಹಬೆಯೊಳಗೆ ಬಿಳಿ ಬಟ್ಟೆ, ಬಿಳಿ ಬಟ್ಟೆಯೊಳಗೆ ಮತ್ತೆ ಹಬೆ. ಕೈ ತನ್ನ ಪಾಡಿಗೆ ತಾನು ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದರೆ ಮನಸ್ಸು ಎಲ್ಲೆಲ್ಲೋ ತೇಲಿಹೋಗುತ್ತಿತ್ತು. ಈ ಶೀಟಿನ ಮೇಲೆ ಇವತ್ತು ಯಾರು ಮಲಗುತ್ತಾರೋ. ಹೊಸದಾಗಿ ಮದುವೆಯಾದವರೋ, ಜಗಳವಾಡಿ ಆ ಕಡೆ ಈ ಕಡೆ ಮುಖ ಮಾಡಿ ಮಲಗುವ ಹಳೇ ಗಂಡ ಹೆಂಡಿರೋ, ನಾಳೆಯ ವ್ಯವಹಾರ ನೆನೆದು ನಿದ್ದೆಗೆಟ್ಟ ವ್ಯಾಪಾರಿಯೋ. ಯಾರಾದರೂ ಆಗಲಿ, ಪಾಪ, ಚೆನ್ನಾಗಿ ನಿದ್ದೆ ಬರಲಿ ಎಂದುಕೊಂಡು ಅವಳು ಸುಕ್ಕು ಬಿಡಿಸುತ್ತಿದ್ದಳು. ಮುಖ ಕಾಣದ ಮಂದಿಯ ನಿದ್ದೆಯನ್ನೆಲ್ಲ ತಾನೇ ನೇವರಿಸಿ ಮೇಲಕ್ಕೆ ಕಳಿಸುತ್ತಿದ್ದೇನೆ ಎಂಬ ಭಾವನೆ ಅವಳಿಗೆ ಆಗಾಗ ಬರುತ್ತಿತ್ತು, ಬಂದಾಗ ಖುಷಿಯಾಗುತ್ತಿತ್ತು.

ಊರಿನ ನಿದ್ದೆಗೆಲ್ಲ ಇಸ್ತ್ರಿ ಹಾಕುವವಳ ಮನೆಯಲ್ಲಿ ಗಂಡನಿಗೇ ನಿದ್ದೆಯಿರಲಿಲ್ಲ. ಅವನು ಹಗಲು ಗಾಜಿನಂಗಡಿಯಲ್ಲಿ ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು. ಆದರೆ ಬೀದಿಗೆಲ್ಲ ಅವನು ಹಾಲಿನಣ್ಣ. ಮಗಳು ಹುಟ್ಟಿದ ವರ್ಷ ಖರ್ಚು ತೂಗಿಸಲಾಗದೆ, ಮುಂಜಾನೆ ಮನೆಮನೆಗೆ ಹಾಲಿನ ಬಾಟಲಿ ಇಟ್ಟು ಬರುವ ಕೆಲಸವನ್ನೂ ಹಿಡಿದಿದ್ದ. "ಒಂದಾರು ತಿಂಗಳು ಅಷ್ಟೇ" ಎಂದಿದ್ದ. ಆ ಮಗಳು ಈಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು, ಅಪ್ಪನ ಆರು ತಿಂಗಳು ಇನ್ನೂ ಮುಗಿದಿರಲಿಲ್ಲ. ಹಾಸ್ಟೆಲಿನ ಫೀಸು ಹಾಲಿನ ದುಡ್ಡಿನಿಂದಲೇ ಹೋಗಬೇಕು. ಕತ್ತಲಿರುವಾಗಲೇ ಅವನು ಬೆಕ್ಕಿನಂತೆ ಸದ್ದಿಲ್ಲದೆ ಎದ್ದು, ಡಿಪೋಗೆ ಹೋಗಿ, ಮೂರು ಗಾಲಿಯ ಪೆಡಲ್ ಗಾಡಿಗೆ ಬಾಟಲಿ ತುಂಬಿಕೊಂಡು ಹೊರಡುತ್ತಿದ್ದ. ಹಾಲಿಗೆ ಭಾನುವಾರವಿಲ್ಲ, ನೆಗಡಿ ಕೆಮ್ಮೂ ಇಲ್ಲ.

ಶೀಟಕ್ಕನಿಗೆ ಬದುಕಿನಲ್ಲಿ ಇದ್ದ ದೊಡ್ಡ ಆಸೆ ಒಂದೇ. ಬೆಳಕು ಹರಿದ ಮೇಲೂ ತನ್ನ ಗಂಡ ಮಲಗಿರಬೇಕು. ಕೇಳಿದವರು ನಗಬಹುದು. ಒಡವೆ ಕೇಳುವ ಹೆಂಡತಿಯರಿದ್ದಾರೆ, ಊರು ಸುತ್ತಿಸು ಎನ್ನುವವರಿದ್ದಾರೆ, ಇವಳು ಗಂಡನ ಗೊರಕೆ ಕೇಳಿದಳು. ಆದರೆ ಅವಳ ಸಂಕಟ ಅವಳಿಗೇ ಗೊತ್ತು. ಈಚೆಗೆ ಅವನು ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದ. ಮಾತಾಡುತ್ತಾ ಮಾತಾಡುತ್ತಾ ಮಾತಿನ ಮಧ್ಯೆಯೇ ಕಣ್ಣು ಮುಚ್ಚುತ್ತಿದ್ದ. ಆ ಕತ್ತಲಲ್ಲಿ, ಲಾರಿಗಳು ಓಡಾಡುವ ರಸ್ತೆಯಲ್ಲಿ, ಗಾಡಿಯ ಮೇಲೇ ಹೀಗೆ ಕಣ್ಣು ಮುಚ್ಚಿದರೆ ಏನು ಗತಿ ಎಂದು ಅವಳು ಹೆದರುತ್ತಿದ್ದಳು.

ಹೀಗಿರುವಾಗ ಹೋಟೆಲಿನವರು ಲಾಂಡ್ರಿಯವರನ್ನೆಲ್ಲ ತಿಂಗಳ ಸಂಬಳಕ್ಕೆ ತೆಗೆದುಕೊಂಡರು. ಒಬ್ಬೊಬ್ಬರಿಗೂ ಒಂದೊಂದು ಪತ್ರ ಬಂತು. ಶೀಟಕ್ಕ ಪತ್ರದಲ್ಲಿದ್ದ ಅಂಕಿಯನ್ನು ತನ್ನ ನಾಣ್ಯಕ್ಕೆ ಇಳಿಸಿಕೊಂಡಳು. ಸರಿಯಾಗಿ ಮೂರು ಸಾವಿರ ಶೀಟು. ಮತ್ತೊಮ್ಮೆ ಇಳಿಸಿದಳು, ಆಗಲೂ ಮೂರು ಸಾವಿರವೇ. ಆ ಮಧ್ಯಾಹ್ನ ಹಬೆಯೊಳಗೆ ಅವಳಿಗೆ ಬೇರೇನೂ ಕಾಣಲಿಲ್ಲ. ಇಸ್ತ್ರಿ ಮೇಜು ಮಂಚವಾಗಿ, ಮಂಚದ ಮೇಲೆ ಬಿಸಿಲು ಬಿದ್ದು, ಬಿಸಿಲಲ್ಲಿ ಗಂಡನ ಅಂಗಾಲು ಹೊದಿಕೆಯಿಂದ ಹೊರಗೆ ಚಾಚಿಕೊಂಡಿತ್ತು. ಒಂದು ದಿಂಬಿನ ಕವರನ್ನು ಆರು ಸಲ ಇಸ್ತ್ರಿ ಮಾಡಿದಳೆಂದು ಪಕ್ಕದ ಮೇಜಿನಲ್ಲಿ ಟವೆಲ್ ಮಡಿಸುವವಳು ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕಳು.

ಸಂಜೆ ಗಂಡ ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ ಅವನನ್ನು ಕೂರಿಸಿಕೊಂಡಳು.

"ರೀ, ಸರಿಯಾಗಿ ಕೇಳಿಸ್ಕೊಳ್ಳಿ. ಇಲ್ಲೀವರೆಗೆ ನನಗೆ ತಿಂಗಳಿಗೆ ಬರ್ತಿದ್ದದ್ದು ಎರಡು ಸಾವಿರದ ನಾನೂರು ಶೀಟು. ಇನ್ಮೇಲೆ ಮೂರು ಸಾವಿರ. ಅಂದ್ರೆ ಆರುನೂರು ಹೆಚ್ಚು. ನಿಮಗೆ ಹಾಲಿಂದ ಬರೋದೆಷ್ಟು? ಐನೂರೈವತ್ತು."

"ಹೂಂ. ಅದಕ್ಕೆ?"

"ಅದಕ್ಕೆ ಹಾಲು ಬಿಡಿ. ಮಲ್ಕೊಳ್ಳಿ. ಆಮೇಲೂ ಐವತ್ತು ಶೀಟು ಮಿಗುತ್ತೆ."

"ಮಿಕ್ಕಿದ್ದರಲ್ಲಿ ಏನು ತಗೋತೀಯ?"

"ಕಿಟಕಿಗೊಂದು ಪರದೆ. ಬೆಳಿಗ್ಗೆ ಬಿಸಿಲು ನಿಮ್ಮ ಕಣ್ಣಿಗೆ ಹೊಡೀಬಾರದಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದ್ದೀಯಲ್ಲೇ! ಮೊದಲು ಸಂಬಳ ಕೈಗೆ ಬರಲಿ. ಬಂದ ದಿನವೇ ಡಿಪೋದಲ್ಲಿ ಹೇಳಿ ಗಾಡಿ ಒಪ್ಪಿಸಿಬಿಡ್ತೀನಿ. ಆಮೇಲೆ ನೀನು ಎಬ್ಬಿಸಿದರೂ ಏಳಲ್ಲ ನೋಡು."

ಇಷ್ಟು ಹೇಳಿದರೂ ಮಾರನೆಯ ದಿನವೇ ಅವಳು ಪರದೆ ತಂದಳು. ಕಡುನೀಲಿ ಬಣ್ಣದ್ದು, ಐವತ್ತಲ್ಲ, ಅರವತ್ತೆರಡು ಶೀಟಿನದು. ಆಸೆಗೆ ಚೌಕಾಸಿ ಮಾಡುವುದು ಗೊತ್ತಿರಲಿಲ್ಲ, ಏನು ಮಾಡುವುದು.

ತಿಂಗಳು ತುಂಬಿತು. ಸಂಬಳದ ಚೀಟಿ ಬಂತು, ಜೊತೆಗೆ ದುಡ್ಡೂ ಬಂತು. ಶೀಟಕ್ಕ ಇಸ್ತ್ರಿ ಮೇಜಿನ ಮೂಲೆಯಲ್ಲಿ ನಿಂತು ದುಡ್ಡು ಎಣಿಸಿದಳು. ಎರಡು ಸಾವಿರದ ಮುನ್ನೂರ ಎಂಬತ್ತು ಶೀಟು. ಎಲ್ಲೋ ಎಣಿಕೆ ತಪ್ಪಿತೆಂದು ಬೆರಳಿಗೆ ಎಂಜಲು ಹಚ್ಚಿಕೊಂಡು ಮತ್ತೆ ಎಣಿಸಿದಳು. ಅಷ್ಟೇ. ಸಂಬಳವೇನೋ ಮೂರು ಸಾವಿರಕ್ಕೆ ಏರಿತ್ತು, ಕೈಗೆ ಬಂದದ್ದು ಮಾತ್ರ ಹಿಂದಿಗಿಂತ ಇಪ್ಪತ್ತು ಶೀಟು ಕಡಿಮೆ.

"ಕನ್ನಡಿಯೊಳಗಿನ ಗಂಟು ಬಿಡು ಶೀಟಕ್ಕಾ," ಎಂದಳು ಟವೆಲ್ ಮಡಿಸುವವಳು ತನ್ನ ಚೀಟಿಯನ್ನೂ ತಿರುಗಿಸಿ ಮುರುಗಿಸಿ ನೋಡುತ್ತಾ. "ನನಗೂ ಹೀಗೇ ಬಂದಿದೆ. ನಾನಂತೂ ಲೆಕ್ಕ ಕೇಳೋಕೆ ಮೇಲೆ ಹೋಗಲ್ಲ. ಕೇಳೋಕೆ ಹೋದ್ರೆ ಅದಕ್ಕೂ ಒಂದಷ್ಟು ಕಟ್ ಮಾಡ್ತಾರೇನೋ!"

ಶೀಟಕ್ಕ ಮೇಲೆ ಹೋದಳು. ನೆಲಮಾಳಿಗೆಯವರು ಮೇಲಕ್ಕೆ ಹೋಗುವುದು ತೀರ ಅಪರೂಪ. ಬಟ್ಟೆ ಲಿಫ್ಟಿನಲ್ಲಿ ಬಟ್ಟೆ ಹೋಗುತ್ತಿತ್ತು, ಬಟ್ಟೆ ಬರುತ್ತಿತ್ತು, ಮಂದಿ ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದಲೇ ಹೋಗುತ್ತಿದ್ದರು. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಅಕೌಂಟೆಂಟ್ ಕೂತಿದ್ದ. ಮಧ್ಯವಯಸ್ಸಿನ ಸಾಧು ಮನುಷ್ಯ, ಸದಾ ಶೀನುವವನು. ಅವಳ ಸೀರೆಗೆ ಅಂಟಿಕೊಂಡಿದ್ದ ಹತ್ತಿಯ ಎಳೆಗಳನ್ನು ಕಂಡೇ ಎರಡು ಸಲ ಶೀನಿ, ಕುರ್ಚಿ ತೋರಿಸಿದ.

"ಸಾರ್, ಪತ್ರದಲ್ಲಿ ಒಂದು ಹೇಳಿ ಕೈಗೆ ಇನ್ನೊಂದು ಕೊಟ್ಟಿದ್ದೀರಿ," ಎಂದಳು ನೇರವಾಗಿ.

"ಎರಡೂ ಸರಿಯಾಗೇ ಇದೆ ಅಕ್ಕಾ. ಪತ್ರದಲ್ಲಿರೋದು ಒಟ್ಟು ಸಂಬಳ. ಅದರಲ್ಲಿ ಕಳೀಬೇಕಾದ್ದನ್ನೆಲ್ಲ ಕಳೆದು ಉಳಿಯೋದು ಕೈಗೆ ಬರೋ ಸಂಬಳ. ಬನ್ನಿ, ಒಂದೊಂದಾಗಿ ನೋಡೋಣ."

ಅವನು ಪೆನ್ಸಿಲ್ ತೆಗೆದುಕೊಂಡ. ಅವಳಿಗೆ ಅಂಕಿಗಳು ತಲೆಗೆ ಹೋಗದೆ, "ಶೀಟಲ್ಲಿ ಹೇಳಿ" ಎಂದಾಗ ಮೊದಲು ತಬ್ಬಿಬ್ಬಾದ. ಆಮೇಲೆ ಅದರ ರುಚಿ ಹತ್ತಿ, ಅವಳ ಶೀಟಿನ ಹಳೇ ದರ ಕೇಳಿಕೊಂಡು ಎಲ್ಲವನ್ನೂ ಭಾಗಿಸತೊಡಗಿದ. ಭವಿಷ್ಯ ನಿಧಿಗೆಂದು ನೂರಕ್ಕೆ ಹನ್ನೆರಡರಂತೆ ಮುನ್ನೂರ ಅರವತ್ತು ಶೀಟು ಹೋಗಿತ್ತು. ಕಾಯಿಲೆಯ ವಿಮೆಗೆ ನಲವತ್ತು. ಕ್ಯಾಂಟೀನಿನ ಮಧ್ಯಾಹ್ನದ ಊಟಕ್ಕೆ ನೂರ ಮೂವತ್ತು. ಹೋಟೆಲಿನ ವ್ಯಾನಿಗೆ ತೊಂಬತ್ತು.

"ಯಾವ ಊಟ?" ಎಂದಳು ಶೀಟಕ್ಕ. "ನಾನು ಮನೆಯಿಂದ ಬುತ್ತಿ ತರೋದು."

"ಕ್ಯಾಂಟೀನಿಗೆ ಬರೋದೇ ಇಲ್ವಾ?"

"ಅದು ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಮತ್ತೆ ವ್ಯಾನು ಅಂದ್ರೆ ಯಾವುದು? ಮುಂದೆ ನಿಂತಿರುತ್ತಲ್ಲ, ಹಳದಿದು, ಅದಾ? ಅದು ಗಿರಾಕಿಗಳದು ಅಂದ್ಕೊಂಡು ನಾನು ಅದರ ಪಕ್ಕದಲ್ಲೇ ನಡ್ಕೊಂಡು ಬರ್ತೀನಿ ಸಾರ್ ದಿನಾ!"

ತಿನ್ನದ ಊಟಕ್ಕೂ ಹತ್ತದ ವ್ಯಾನಿಗೂ ಒಂದು ತಿಂಗಳ ದುಡ್ಡು ಕೊಟ್ಟಾಗಿತ್ತು. ಇಂಥ ವಿಷಯ ಆ ಪತ್ರದಲ್ಲಿ ಇರುವುದೇ ಇಲ್ಲ ನೋಡಿ, ಇದ್ದರೂ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಕೌಂಟೆಂಟ್ ನಗು ತಡೆದುಕೊಂಡು, ಮುಂದಿನ ತಿಂಗಳಿಂದ ಅವೆರಡನ್ನೂ ತೆಗೆದುಹಾಕುತ್ತೇನೆ ಎಂದು ಬರೆದುಕೊಂಡ. ಕೈಗೆ ಎರಡು ಸಾವಿರದ ಆರುನೂರು ಬರುತ್ತದೆ ಎಂದ. ಶೀಟಕ್ಕ ಮನಸ್ಸಿನಲ್ಲೇ ಕೂಡಿಸಿ ಕಳೆದಳು. ಗಂಡ ಹಾಲು ಬಿಡಬೇಕಾದರೆ ಎರಡು ಸಾವಿರದ ಒಂಬೈನೂರ ಐವತ್ತು ಬರಬೇಕು. ಇನ್ನೂ ಮುನ್ನೂರೈವತ್ತು ಸಾಲದು. ಅವಳ ಕಣ್ಣು ಭವಿಷ್ಯ ನಿಧಿಯ ಸಾಲಿಗೆ ಹೋಗಿ ನಿಂತಿತು.

"ಇದನ್ನೂ ಕಟ್ ಮಾಡ್ಬೇಡಿ ಸಾರ್."

"ಅದು ಕಟ್ ಮಾಡಿದ್ದಲ್ಲ ಅಕ್ಕಾ, ಕೂಡಿಟ್ಟಿದ್ದು. ನಿಮ್ಮ ಮುನ್ನೂರ ಅರವತ್ತಕ್ಕೆ ಹೋಟೆಲಿನವರೂ ಮುನ್ನೂರ ಅರವತ್ತು ಸೇರಿಸ್ತಾರೆ. ನೀವು ಕೆಲಸದಿಂದ ನಿವೃತ್ತಿ ಆದಾಗ ಬಡ್ಡಿ ಸಮೇತ ನಿಮಗೇ ಬರುತ್ತೆ. ಅಲ್ಲೀವರೆಗೆ ಸುಮ್ಮನೆ ಮಲಗಿರುತ್ತೆ."

"ಮಲಗಿರುತ್ತಾ?" ಎಂದಳು. ಗಂಡ ಮಲಗಲಿ ಎಂದು ಹೊರಟರೆ ದುಡ್ಡು ಹೋಗಿ ಮಲಗಿಕೊಂಡಿತ್ತು.

ಬೇಡವೇ ಬೇಡ ಎನ್ನುವವರಿಗೆ ಒಂದು ದಾರಿಯಿತ್ತು. ತಿಂಗಳ ಸಂಬಳಕ್ಕೆ ಸೇರಿದ ಮೂರು ತಿಂಗಳೊಳಗೆ ನಿಧಿ ಬೇಡವೆಂದು ಬರೆದು ಸಹಿ ಹಾಕಿದರೆ ಆ ಭಾಗವೂ ಕೈಗೇ ಬರುತ್ತದೆ, ಆದರೆ ಹೋಟೆಲಿನವರು ಹಾಕುವ ಪಾಲು ಶಾಶ್ವತವಾಗಿ ಹೋಗುತ್ತದೆ, ಮತ್ತೆ ಸೇರಲು ಬರುವುದಿಲ್ಲ. "ದುಡುಕಬೇಡಿ, ಮನೆಯಲ್ಲಿ ಮಾತಾಡಿ" ಎಂದು ಅಕೌಂಟೆಂಟ್ ಇನ್ನೊಮ್ಮೆ ಶೀನಿದ.

ಆಮೇಲಿನ ದಿನಗಳಲ್ಲಿ ಶೀಟಕ್ಕನ ಕನಸಿಗೆ ಎರಡು ಬಾಗಿಲಾಯಿತು. ಒಂದರೊಳಗೆ ನೀಲಿ ಪರದೆಯ ಕೋಣೆ, ಮಲಗಿದ ಗಂಡ. ಇನ್ನೊಂದರೊಳಗೆ ಎಲ್ಲೋ ಒಂದು ತಣ್ಣನೆಯ ಉಗ್ರಾಣ. ಅಲ್ಲಿ ತಿಂಗಳಿಗೆ ಏಳುನೂರ ಇಪ್ಪತ್ತರಂತೆ ಅವಳ ಶೀಟುಗಳು ಬಂದು ಬೀಳುತ್ತಿದ್ದವು. ಮಡಿಕೆ ಮಡಿಕೆಯಾಗಿ, ಚಾವಣಿ ಮುಟ್ಟುವಷ್ಟು ಎತ್ತರ. ಯಾರೂ ಮಲಗದ, ಯಾರೂ ಮುಟ್ಟದ ಶೀಟುಗಳು. ಮುಪ್ಪಿನಲ್ಲಿ ಅವರಿಬ್ಬರೂ ಕೋಲೂರಿಕೊಂಡು ಬಂದು ಆ ರಾಶಿಯ ಮೇಲೆ ಹತ್ತಿ ಮಲಗುವುದನ್ನು ಅವಳು ಕಾಣುತ್ತಿದ್ದಳು. ಒಮ್ಮೊಮ್ಮೆ ಇಬ್ಬರೂ ಬರುತ್ತಿದ್ದರು. ಒಮ್ಮೊಮ್ಮೆ ಅವಳೊಬ್ಬಳೇ ಬರುತ್ತಿದ್ದಳು. ಆಗ ಬೆಚ್ಚಿ, ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, ಶೀಟು ಸುಟ್ಟಿತೇ ಎಂದು ನೋಡುತ್ತಿದ್ದಳು.

ಗಂಡನಿಗೆ ಹೇಳಿದರೆ ಅವನು ಒಪ್ಪಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ? ಅವರು ಒಂದಕ್ಕೆ ಒಂದು ಸೇರಿಸಿ ಕೊಡ್ತೀವಿ ಅಂದ್ರೆ ಬೇಡ ಅಂತ ಬರೆದು ಕೊಡ್ತೀಯಾ? ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು. ನಾನೇನು ಸಾಯ್ತಿದ್ದೀನಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ."

"ಚಾಚೋಕೆ ನೀವು ಹಾಸಿಗೆಯಲ್ಲಿ ಇದ್ರೆ ತಾನೇ!" ಎಂದು ಅವಳು ಸಿಡುಕಿದಳು. ಆ ದಿನ ಇಬ್ಬರೂ ಮಾತಾಡದೆ ಊಟ ಮಾಡಿದರು. ಎರಡು ದಿನ ಅದೇ ಮೌನ ನಡೆಯಿತು, ಮೂರನೆಯ ದಿನ ಅವನು ಉಪ್ಪು ಕೇಳಿದ್ದರಿಂದ ಮುರಿಯಿತು.

ಮೂರನೆಯ ತಿಂಗಳು ನಡೆಯುತ್ತಿರುವಾಗ ಅವಳು ಹೆದರಿದ್ದು ನಡೆದೇಹೋಯಿತು. ಒಂದು ಬೆಳಿಗ್ಗೆ ಗಂಡ ಹಣೆಗೆ ಕರವಸ್ತ್ರ ಒತ್ತಿಕೊಂಡು ಬಂದ. ಪೆಡಲ್ ತುಳಿಯುತ್ತಲೇ ಜೊಂಪು ಹತ್ತಿತ್ತಂತೆ. ಗಾಡಿ ತಾನೇ ತಾನಾಗಿ ಇಳಿಜಾರಿನಲ್ಲಿ ಹೋಗಿ ಯಾರದೋ ಕಾಂಪೌಂಡಿಗೆ ಗುದ್ದಿತ್ತು. ಹಾಲು ರಸ್ತೆಯುದ್ದಕ್ಕೂ ಹರಿದು, ಬೀದಿಯ ಬೆಕ್ಕುಗಳೆಲ್ಲ ಸೇರಿದ್ದವಂತೆ. "ಒಂದು ಬೆಕ್ಕು ನನ್ನ ಮುಖವನ್ನೇ ನೆಕ್ತಾ ಇತ್ತು. ನೀನೇ ಎಬ್ಬಿಸ್ತಿದ್ದೀಯ ಅಂದ್ಕೊಂಡೆ" ಎಂದು ಅವನು ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ. ಕಾಂಪೌಂಡಿನ ಬದಲು ಲಾರಿ ಇದ್ದಿದ್ದರೆ ಎಂಬ ಒಂದೇ ಮಾತು ಒಳಗೆ ತಿರುಗುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಲಾಗದೆ ಅತ್ತಳು.

ಅಂದೇ ಅವಳು ಮೊದಲ ಮಹಡಿಗೆ ಹತ್ತಿದಳು. ಉಗ್ರಾಣವೂ ಬೇಡ, ರಾಶಿಯೂ ಬೇಡ. ಮುಪ್ಪು ಬಂದಾಗ ನೋಡಿಕೊಂಡರಾಯಿತು, ಮೊದಲು ಮುಪ್ಪಿನವರೆಗೆ ಆ ಮನುಷ್ಯ ಉಳಿಯಲಿ.

"ಎಲ್ಲಿ ಸಹಿ ಹಾಕ್ಬೇಕು ತೋರಿಸಿ ಸಾರ್."

ಅಕೌಂಟೆಂಟ್ ಅವಳ ಮುಖ ನೋಡಿ ಹೆಚ್ಚು ಮಾತಾಡದೆ ಕಾಗದ ಹುಡುಕಿ ಕೊಟ್ಟ. ದಿನಾಂಕ ಬರೆಯಲು ಕ್ಯಾಲೆಂಡರ್ ಕಡೆ ತಿರುಗಿದವನು ಹಾಗೇ ತಡೆದ.

"ಅಲ್ಲ ಅಕ್ಕಾ, ಇವತ್ತು ನಿಮ್ಮ ವಾರದ ರಜೆ ಅಲ್ವಾ? ಇದಕ್ಕೋಸ್ಕರ ಅಂತಲೇ ಬಂದ್ರಾ?"

"ರಜೆ ಎಲ್ಲಿಂದ ಬಂತು ಸಾರ್? ಕೆಲಸಕ್ಕೆ ಬಂದಿದ್ದೀನಿ. ಕೆಳಗೆ ಇಸ್ತ್ರಿ ಕಾಯಿಸಿಟ್ಟು ಬಂದೆ."

"ರಜೆ ದಿನ ಕೆಲಸಕ್ಕಾ? ಹೋದ ವಾರ?"

"ಬಂದಿದ್ದೆ."

"ಅದರ ಹಿಂದಿನ ವಾರ?"

"ನಾವು ಯಾರೂ ರಜೆ ಹಾಕಿಲ್ಲ ಸಾರ್. ರಜೆ ಹಾಕಿದ್ರೆ ಹೊಟ್ಟೆಗೇನು? ಮುಟ್ಟದ ಶೀಟಿಗೆ ಯಾರಾದರೂ ದುಡ್ಡು ಕೊಡ್ತಾರಾ?"

ಅಕೌಂಟೆಂಟ್ ಪೆನ್ಸಿಲ್ ಕೆಳಗಿಟ್ಟ. ಶೀನು ಬಂದದ್ದೂ ಅರ್ಧದಲ್ಲೇ ನಿಂತುಹೋಯಿತು. ವಿಷಯ ಹೀಗಿತ್ತು. ಯಾರಿಗೆ ವಾರದಲ್ಲಿ ಯಾವ ದಿನ ರಜೆ ಎಂಬ ಪಟ್ಟಿಯನ್ನು ಮೇಲಿನ ಪಡಸಾಲೆಯಲ್ಲಿ ಅಂಟಿಸುತ್ತಿದ್ದರು. ನೆಲಮಾಳಿಗೆಯವರು ಮೇಲೆ ಬರುವವರಲ್ಲ. ಕಂಡಿದ್ದರೂ ನಂಬುತ್ತಿದ್ದರೋ ಇಲ್ಲವೋ. ಶೀಟಿಗಿಷ್ಟು ಎಂದು ಬದುಕಿದವರಿಗೆ ಶೀಟಿಲ್ಲದ ದಿನ ಎಂದರೆ ಉಪವಾಸದ ದಿನ. ಹಾಗಾಗಿ ಇಸ್ತ್ರಿಯವಳು, ಟವೆಲಿನವಳು, ಒಗೆಯುವವರು ಎಲ್ಲರೂ ತಮ್ಮ ತಮ್ಮ ರಜೆಯ ದಿನ ತಪ್ಪದೆ ಬಂದು ದುಡಿದಿದ್ದರು. ಮೇಲುಸ್ತುವಾರಿಯವನು ಪುಕ್ಕಟೆ ಕೈ ಸಿಕ್ಕಿತೆಂದು ತೆಪ್ಪಗಿದ್ದ. ಇಲ್ಲಿ ಮೇಲೆ ಅಕೌಂಟೆಂಟ್ ಪಟ್ಟಿ ನೋಡಿಕೊಂಡು, ಪಾಪ, ಅವರೆಲ್ಲ ಮನೆಯಲ್ಲಿ ಆರಾಮವಾಗಿದ್ದಾರೆ ಎಂದು ಗುರುತು ಹಾಕುತ್ತಾ ಬಂದಿದ್ದ.

"ಅಕ್ಕಾ, ನಿಮ್ಮ ಸಂಬಳ ಇಡೀ ತಿಂಗಳಿಗೆ. ವಾರಕ್ಕೊಂದು ದಿನ ನೀವು ಬರಬಾರದು ಅಂತಲೇ ಲೆಕ್ಕ ಹಾಕಿರೋದು. ಆ ದಿನದ ದುಡ್ಡೂ ಆಗಲೇ ಇದರೊಳಗೆ ಇದೆ. ಅದರ ಮೇಲೆ ವರ್ಷಕ್ಕೆ ಹದಿನೆಂಟು ದಿನ ಬೇರೆ ರಜೆ. ಅದಕ್ಕೂ ಏನೂ ಕಟ್ ಆಗಲ್ಲ."

"ಇಸ್ತ್ರಿ ಮುಟ್ಟದೇ ಇದ್ರೂ?"

"ಇಸ್ತ್ರಿ ಮುಖ ನೋಡದೇ ಇದ್ರೂ."

ಕಿಟಕಿಯಿಂದ ಮಧ್ಯಾಹ್ನದ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ನೆಲಮಾಳಿಗೆಯಲ್ಲಿ ಇಂಥ ಬೆಳಕು ಬರುವುದಿಲ್ಲ. ಅದರಲ್ಲಿ ಧೂಳಿನ ಕಣಗಳು ಯಾವ ಕೆಲಸವೂ ಇಲ್ಲದೆ ಮೇಲೆ ಕೆಳಗೆ ಆಡುತ್ತಿದ್ದವು. ಇಡೀ ದಿನವೊಂದು ಮಡಿಸಿದ ಬಟ್ಟೆಯ ಹಾಗೆ ಕೈಯಲ್ಲಿ ಇಟ್ಟಂತಾಗಿ ಅವಳಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಳೆದುಹೋದ ರಜೆಗಳ ಬಗ್ಗೆ ಮ್ಯಾನೇಜರನ್ನು ಕೇಳಿ ನೋಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ಅಕೌಂಟೆಂಟ್ ಹೇಳುತ್ತಿದ್ದ. ಅದು ಅವಳ ಕಿವಿಗೆ ಬೀಳಲಿಲ್ಲ. ಮನಸ್ಸು ಆಗಲೇ ಮನೆ ಸೇರಿತ್ತು.

"ಸಹಿ ಇವತ್ತು ಬೇಡ ಸಾರ್," ಎಂದು ಎದ್ದಳು. ಕೆಳಗೆ ಬಂದು ಇಸ್ತ್ರಿಯ ಸ್ವಿಚ್ ಆರಿಸಿ, ವಿಷಯವನ್ನೆಲ್ಲ ಟವೆಲಿನವಳಿಗೆ ಹೇಳಿದಳು. ಅವಳು ನಂಬದೆ, ಆಣೆ ಮಾಡಿಸಿಕೊಂಡು, ಆಮೇಲೆ ಮೇಲುಸ್ತುವಾರಿಯವನನ್ನು ಹುಡುಕಿಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು. ಅವನಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆ ಗಂಡನ ಮುಂದೆ ಕೂತು ಶೀಟಕ್ಕ ಹೇಳಿದಳು, "ನನಗೆ ಹಾಲಿನ ಗಾಡಿ ಹೊಡೆಯೋದು ಕಲಿಸಿ."

"ಏನಂದೆ?"

"ವಾರಕ್ಕೊಂದು ದಿನ ನನಗೆ ರಜೆ. ಆ ದಿನ ಹಾಲು ನಾನು ಹಾಕ್ತೀನಿ. ನೀವು ಮಲಗೋದು. ನಿಧಿ ಮುಟ್ಟಲ್ಲ, ಮಗಳ ಫೀಸೂ ಮುಟ್ಟಲ್ಲ. ಸಂಬಳದಲ್ಲಿ ದುಡ್ಡಿನ ಜೊತೆ ವಾರಕ್ಕೊಂದು ಇಡೀ ದಿನವನ್ನೂ ಕೊಡ್ತಾರಂತೆ ರೀ, ನಾನು ಅದನ್ನ ಅಲ್ಲೇ ಬಿಟ್ಟು ಬರ್ತಿದ್ದೆ."

"ಸಿಕ್ಕಿರೋ ಒಂದು ದಿನವನ್ನೂ ನನಗೆ ಕೊಟ್ಟು ನೀನು ಒದ್ದಾಡ್ತೀಯಾ? ಬೇಡ."

"ಇಷ್ಟು ವರ್ಷ ಬೆಳಗಾಗೋತನಕ ನಿದ್ದೆ ಮಾಡಿದವಳು ನಾನು. ವಾರಕ್ಕೊಂದು ಬೆಳಗು ಎದ್ದರೆ ಸವೆದು ಹೋಗ್ತೀನಾ? ನಾನು ಬಂದು ಹಗಲು ಮಲಗ್ತೀನಿ. ಹಣೆ ಗಾಯ ಒಣಗಿಲ್ಲ, ಮಾತು ಬೇರೆ ಆಡ್ತೀರಿ."

ಹಣೆಯ ಗಾಯದ ಮಾತು ಬಂದ ಮೇಲೆ ಅವನು ಒಪ್ಪಿದ. ಮನೆಯ ಹಿಂದಿನ ಓಣಿಯಲ್ಲಿ ಪಾಠ ಶುರುವಾಯಿತು. ಅವಳು ಸೆರಗು ಬಿಗಿದು ಸೀಟಿನ ಮೇಲೆ ಕೂತರೆ ಅವನು ಪಕ್ಕದಲ್ಲಿ ಓಡಿದ. ಗಾಡಿ ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗಿ ಎರಡು ಹೂಕುಂಡ ಉರುಳಿಸಿತು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ಚಪ್ಪಾಳೆ ತಟ್ಟಿದರು. "ಬ್ರೇಕು! ಬ್ರೇಕು! ಇಸ್ತ್ರಿ ಅಲ್ಲ ಅದು, ಒತ್ತಿದ್ರೆ ನಿಲ್ಲಬೇಕು!" ಎಂದು ಕೂಗುತ್ತಾ ಅವನು ಓಡಿ ಓಡಿ, ಕೊನೆಗೆ ನಗು ತಡೆಯಲಾರದೆ ಓಣಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅವಳು ಮಾತ್ರ ನಿಲ್ಲಲಿಲ್ಲ. ಓಣಿಯ ತುದಿಯವರೆಗೆ ಹೋಗಿ, ಒಬ್ಬಳೇ ಗಾಡಿ ತಿರುಗಿಸಿಕೊಂಡು ಬಂದಳು. ಡಿಪೋದವರೂ ಒಪ್ಪಿದರು, ಹಾಲು ಮನೆ ಮುಟ್ಟಿದರೆ ಅವರಿಗಾಯಿತು.

ಮೊದಲ ರಜೆಯ ದಿನ ಅವನು ಎಚ್ಚರಗೊಂಡಾಗ ಅವಳು ಅವನ ಎದೆಯ ಮೇಲೆ ಕೈಯಿಟ್ಟು ಒತ್ತಿ ಮಲಗಿಸಿದಳು. "ನಿಮ್ಮದಲ್ಲ ಇವತ್ತು" ಎಂದಳು. ಅವನು ಏನೋ ಗೊಣಗಿದ, ಮಗ್ಗುಲು ಬದಲಿಸಿದ.

ಅವಳು ಕಂಡಿರದ ಒಂದು ಲೋಕ ಹೊರಗೆ ಇತ್ತು. ಬೀದಿಗಳು ಮಂಜಿನಲ್ಲಿ ಅರ್ಧ ಕರಗಿದ್ದವು. ದಿನಾ ಓಡಾಡುವ ರಸ್ತೆಯೇ ಯಾವುದೋ ಹಳೆಯ ಕಥೆಯ ರಸ್ತೆಯಾಗಿತ್ತು. ಗಾಡಿ ಕಿರುಗುಟ್ಟುವ ಸದ್ದು, ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು, ಅಷ್ಟೇ. ಅವಳು ಬಾಗಿಲು ಬಾಗಿಲಿಗೂ ಇಳಿದು, ತಣ್ಣಗಿನ ಬಾಟಲಿಯನ್ನು ಮೆಟ್ಟಿಲ ಮೇಲೆ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಇಟ್ಟಳು. ಪ್ರತಿ ಗೋಡೆಯ ಹಿಂದೆಯೂ ಯಾರೋ ಮಲಗಿದ್ದರು. ಒಂದು ಮನೆಯಲ್ಲಿ ಮಗು ಅತ್ತು ಸುಮ್ಮನಾಯಿತು. ಇನ್ನೊಂದರಲ್ಲಿ ಯಾರೋ ನಿದ್ದೆಯಲ್ಲೇ ನಕ್ಕರು. ಇಷ್ಟು ವರ್ಷ ಈ ನಿದ್ದೆಯ ಊರಿನ ನಡುವೆ ಅವನೊಬ್ಬನೇ ಎಚ್ಚರವಾಗಿ ತಿರುಗಿದ್ದನಲ್ಲ ಎಂದು ಅವಳು ನೆನೆದಳು. ಇಳಿಜಾರು ಬಂದಲ್ಲಿ ಅವಳು ಗಾಡಿಯಿಂದ ಇಳಿದು, ಹ್ಯಾಂಡಲ್ ಹಿಡಿದುಕೊಂಡು ನಡೆದೇ ಹೋದಳು. ಕೊನೆಯ ಬಾಟಲಿ ಇಡುವ ಹೊತ್ತಿಗೆ ಆಕಾಶದ ಅಂಚು ಬೆಳ್ಳಗಾಗಿತ್ತು.

ಮನೆಗೆ ಬಂದಾಗ ಬಿಸಿಲು ಬಿದ್ದಿತ್ತು. ಚಪ್ಪಲಿ ಹೊರಗೇ ಬಿಟ್ಟು, ಬಾಗಿಲನ್ನು ಕಿರ್ ಎನ್ನದಂತೆ ತಳ್ಳಿ ಒಳಗೆ ಹೋದಳು. ಅವನು ಮಲಗಿದ್ದ. ಅಡ್ಡಾದಿಡ್ಡಿಯಾಗಿ, ಅವಳ ಜಾಗವನ್ನೂ ಸೇರಿಸಿ ಇಡೀ ಮಂಚಕ್ಕೆ ಒಡೆಯನಂತೆ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದ. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಹುಬ್ಬುಗಳ ನಡುವೆ ಯಾವಾಗಲೂ ಇರುತ್ತಿದ್ದ ಗಂಟು ಬಿಚ್ಚಿಕೊಂಡಿತ್ತು. ಈ ಮುಖ ಇಷ್ಟು ಎಳೆಯದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಗಾಜಿನಂಗಡಿಗೆ ಹೊತ್ತಾಗುತ್ತಿತ್ತು. ಎಬ್ಬಿಸಬೇಕು. ಅವಳು ಮಂಚದ ಹತ್ತಿರ ಹೋಗಿ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ಹೇಗೆ ಎಬ್ಬಿಸುವುದು? ಹೆಸರು ಹಿಡಿದು ಕರೆದವಳಲ್ಲ. ರೀ ಎಂದು ಮೆಲ್ಲಗೆ ಅಂದರೆ ಏಳುತ್ತಾನೋ, ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾನೋ, ಎದ್ದ ಕೂಡಲೇ ನಗುವವನೋ ರೇಗುವವನೋ, ಏನೊಂದೂ ಅವಳಿಗೆ ತಿಳಿದಿರಲಿಲ್ಲ. ಮಗಳನ್ನು ಹೆತ್ತು, ಬೆಳೆಸಿ, ಓದಲು ಕಳಿಸಿಯಾಗಿತ್ತು. ಈ ಮನುಷ್ಯನ ಬಟ್ಟೆಯ ಅಳತೆ, ಊಟದ ಅಳತೆ, ಸಿಟ್ಟಿನ ಅಳತೆ ಎಲ್ಲ ಅವಳಿಗೆ ಬಾಯಿಪಾಠ. ಇಷ್ಟು ವರ್ಷ ಪ್ರತಿದಿನವೂ ಅವನೇ ಮೊದಲು ಎದ್ದಿದ್ದ. ಒಂದೇ ಒಂದು ಸಲವೂ ಅವಳು ಅವನನ್ನು ನಿದ್ದೆಯಿಂದ ಎಬ್ಬಿಸಿರಲಿಲ್ಲ.

ಶೀಟಕ್ಕ ಮಂಚದ ಅಂಚಿನಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಕೂತಳು. ಹಾಲಿನ ಬಾಟಲಿ ಮುಟ್ಟಿ ಮುಟ್ಟಿ ಕೈ ತಣ್ಣಗಾಗಿತ್ತು. ಆ ತಣ್ಣನೆಯ ಕೈ ತಾಗಿದರೆ ಬೆಚ್ಚಿಬಿದ್ದಾನೆಂದು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾ, ಇನ್ನೊಂದು ಸ್ವಲ್ಪ ಹೊತ್ತು ಎಂದುಕೊಂಡಳು.